ಪೇಟಿಯ ಮುಂದೆ ಪುಸ್ತಕ ಬಿಚ್ಚಿಕೊಂಡು

ನಿವೃತ್ತಿಯಾದ ಮೇಲೆ ಸಂಗೀತ ಕಲಿಯಲು ಹೊರಟವರಿಗೆ ನಮ್ಮ ಕಲಬುರಗಿಯಲ್ಲಿ ಸಿಗುವ ಉಪದೇಶ ಬಹುಮಟ್ಟಿಗೆ ಒಂದೇ ತೆರನಾದದ್ದು. ಪುಸ್ತಕ ನೋಡಿ ಹಾಡಬಾರದು, ಗುರುಗಳು ಹೇಳಿಕೊಟ್ಟದ್ದನ್ನು ಬಾಯಿಪಾಠ ಮಾಡಬೇಕು, ಸ್ವರಗಳನ್ನು ಅಕ್ಷರ, ಗುರುತುಗಳಲ್ಲಿ ಬರೆದಿಡುವ ಸ್ವರಲಿಪಿಯೇನಿದ್ದರೂ ಪರೀಕ್ಷೆಗೆ ಕೂಡುವ ಮಕ್ಕಳಿಗೆ ಮಾತ್ರ. ಹೀಗೆ ಹೇಳುವವರು ಸಾಮಾನ್ಯವಾಗಿ ಎಂಟು ಹತ್ತನೆಯ ವಯಸ್ಸಿನಲ್ಲಿ ಗುರುಗಳ ಎದುರು ಕುಳಿತು, ಕೇಳಿದ್ದನ್ನು ಕೇಳಿದಂತೆಯೇ ಹಿಡಿದಿಟ್ಟುಕೊಂಡವರು. ಅರವತ್ತು ದಾಟಿದ ಮೇಲೆ ಹೊಸದೊಂದು ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ಹಾಡು, ತಲೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಅವರ ಅನುಭವಕ್ಕೆ ಬಂದಿರುವುದಿಲ್ಲ. ನನ್ನ ಅನುಭವಕ್ಕೆ ಬಂದಿದೆ. ಆದ್ದರಿಂದ ಈ ಬರಹವನ್ನು ಸ್ವರಲಿಪಿಯ ಪರವಾಗಿ, ಅದರಲ್ಲೂ ಹಿಂದೆಂದೂ ಕೇಳದ ಚೀಜನ್ನು (ಬಂದಿಶನ್ನೇ ಹೀಗೂ ಕರೆಯುತ್ತೇವೆ) ಪುಟದ ಮೇಲೆ ಕಂಡಕೂಡಲೇ ನುಡಿಸುವ ಮತ್ತು ಹಾಡುವ ಅಭ್ಯಾಸದ ಪರವಾಗಿ ಬರೆಯುತ್ತಿದ್ದೇನೆ. ಇಳಿವಯಸ್ಸಿನಲ್ಲಿ ಸಂಗೀತಕ್ಕೆ ಮರಳಿದವರಿಗೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಸೇಡಂನಲ್ಲಿ ಬೆಳೆದವಳು. ಶಾಲೆಯ ದಿನಗಳಲ್ಲಿ ಮನೆಗೆ ಬಂದು ಹೇಳಿಕೊಡುತ್ತಿದ್ದ ಮಾಸ್ತರರೊಬ್ಬರಿಂದ ಹಿಂದೂಸ್ತಾನಿ ಗಾಯನವನ್ನು ಜೂನಿಯರ್ ಪರೀಕ್ಷೆಯವರೆಗೆ ಕಲಿತು, ಪಿಯುಸಿಗೆ ಬಂದಾಗ ಬಿಟ್ಟೆ. ಆಮೇಲಿನದು ಎಲ್ಲರ ಮನೆಯ ಕಥೆಯೇ: ಓದು, ಕಾಲೇಜಿನಲ್ಲಿ ಗಣಿತ ಕಲಿಸುವ ನೌಕರಿ, ಮಕ್ಕಳು, ಹಿರಿಯರ ಕಾಯಿಲೆ ಕಸಾಲೆ. ನಿವೃತ್ತಿಯ ನಂತರ ಪೇಟಿಯನ್ನು (ಹಾರ್ಮೋನಿಯಂ) ಅಟ್ಟದಿಂದ ಇಳಿಸಿ, ಭಾತೆಯ ಚರ್ಮ ಬದಲಿಸಿ, ಶ್ರುತಿ ಮಾಡಿಸಿ ಕುಳಿತಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತ ಯಮನ್ ರಾಗದ ಚೀಜಿನ ಮೊದಲ ಭಾಗವಾದ ಅಸ್ಥಾಯಿ, ಎರಡನೆಯದಾದ ಅಂತರಾ ಎರಡೂ, ಅವುಗಳ ನಾಲ್ಕಾರು ತಾನುಗಳ ಸಮೇತ, ಕರೆಯದೆಯೇ ಬಾಯಿಗೆ ಬಂದವು. ಆದರೆ ಸೋಮವಾರ ಕಲಿತ ಹೊಸ ಚೀಜಿನ ಎರಡನೆಯ ಸಾಲು ಗುರುವಾರದ ಹೊತ್ತಿಗೆ ಮೊದಲ ಸಾಲಿನ ಸ್ವರಗಳನ್ನೇ ಹೊತ್ತುಕೊಂಡು ಬರುತ್ತಿತ್ತು. ಇದು ನನ್ನೊಬ್ಬಳ ಪಾಡಲ್ಲ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ನನ್ನ ವಾರಿಗೆಯ ಎಲ್ಲರೂ ಹಳೆಯ ಪದಗಳನ್ನು ನಿದ್ದೆಗಣ್ಣಿನಲ್ಲೂ ಹಾಡುತ್ತಾರೆ. ಹೊಸದಕ್ಕೆ ಮಾತ್ರ ಚೀಟಿ ಬೇಕಾಗುತ್ತದೆ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಯಾರೂ ಹೇಳುವುದಿಲ್ಲ. ಹತ್ತು ವರ್ಷದ ಮಗುವಿನ ನೆನಪು ಚುರುಕಾಗಿರುತ್ತದೆ ನಿಜ, ಆದರೆ ಅದರ ಕಿವಿಯಲ್ಲಿ ಸಂಗ್ರಹವಾಗಿರುವುದು ಕಡಿಮೆ. ನಮ್ಮ ತಲೆಮಾರಿನವರ ಕಿವಿಯಲ್ಲಿ ಆಕಾಶವಾಣಿಯ ಬೆಳಗಿನ ಗಾಯನವಿದೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿಯವರ ದನಿಗಳಿವೆ. ಕಂಪನಿ ನಾಟಕದ ರಂಗಗೀತೆ, ಶ್ರಾವಣದ ಭಜನೆ, ಬಂದೇನವಾಜರ ಉರುಸಿನ ಕವ್ವಾಲಿ ಎಲ್ಲವೂ ಇವೆ. ರಾಗದ ಹೆಸರು ಹೇಳಲು ಬಾರದಿದ್ದರೂ ಅದರ ನಡೆ ಎಲ್ಲಿ ತಿರುಗುತ್ತದೆ ಎಂಬುದು ಇಂಥ ಕಿವಿಗೆ ಮೊದಲೇ ಗೊತ್ತು. ಹೊಸದನ್ನು ಹಿಡಿದಿಡಲಾರದ ನೆನಪು ಮತ್ತು ಐವತ್ತು ವರ್ಷ ಕೇಳಿಸಿಕೊಂಡ ಕಿವಿ, ಇವೆರಡರ ನಡುವೆ ಸ್ವರಲಿಪಿ ಬಂದು ನಿಂತರೆ ಕೆಲಸ ಸುಲಭವಾಗುತ್ತದೆ. ಕಾಗದ ಮುಂದಿನ ಸ್ವರ ಯಾವುದೆಂದು ಹೇಳುತ್ತದೆ, ಅದನ್ನು ಹೇಗೆ ಮುಟ್ಟಬೇಕೆಂದು ಕಿವಿ ಹೇಳುತ್ತದೆ.

ನನ್ನ ಈಗಿನ ಗುರುಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು, ಹುಟ್ಟಿನಿಂದ ದೃಷ್ಟಿ ಇಲ್ಲದವರು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ಒಂದು ಇಡೀ ಪರಂಪರೆಯನ್ನು ಕಟ್ಟಿದವರಾದ್ದರಿಂದ, ಆಶ್ರಮದಿಂದ ಬಂದ ಇಂಥ ಶಿಕ್ಷಕರು ನಮ್ಮ ಭಾಗದ ಊರೂರಲ್ಲಿ ಸಿಗುತ್ತಾರೆ. ಪುಸ್ತಕ ನೋಡಿ ಓದುವ ಅಭ್ಯಾಸವನ್ನು ಅವರ ಎದುರು ಮಾಡುವುದು ಅಸಂಗತವಾಗಿ ಕಾಣಬಹುದು. ನಡೆದದ್ದು ಅದಕ್ಕೆ ವಿರುದ್ಧ. ಕಣ್ಣಿರುವ ಗುರು ಪಕ್ಕದಲ್ಲಿ ಕುಳಿತಿದ್ದರೆ ಪುಟದ ಕಡೆ ಬೆರಳು ತೋರಿಸಿ ನನ್ನನ್ನು ದಾಟಿಸಿಬಿಡುತ್ತಿದ್ದರು. ಇವರಿಗೆ ಪುಟದಲ್ಲಿ ಏನಿದೆ ಎಂಬುದನ್ನು ನಾನೇ ಬಾಯಿಬಿಟ್ಟು ಹೇಳಬೇಕು: ಮಂದ್ರದ (ಕೆಳಗಿನ ಸಪ್ತಕದ) ನಿಷಾದ, ಮಧ್ಯದ ರಿಷಭ, ಗಾಂಧಾರಕ್ಕೆ ರಿಷಭದ ಕಣ (ಮುಟ್ಟಿ ಬಿಡುವ ಸ್ವರ), ಇಲ್ಲಿಂದ ಇಲ್ಲಿಗೆ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವಿಕೆ). ಹಾಗೆ ಹೇಳುವಾಗ ಒಂದು ಚಿಹ್ನೆಯನ್ನೂ ಹಾರಿಸಲು ಬರುವುದಿಲ್ಲ. ಹೇಳಿದ ಮೇಲೆ ಹಾಡಿದರೆ, ಹೇಳಿದ್ದಕ್ಕೂ ಹಾಡಿದ್ದಕ್ಕೂ ಇರುವ ಅಂತರವನ್ನು ಅವರು ಕೂಡಲೇ ಹಿಡಿಯುತ್ತಾರೆ. ಒಮ್ಮೆ ನಾನು ಒಂದು ಅಸ್ಥಾಯಿಯನ್ನು ಅಕ್ಷರಕ್ಕೆ ಅಕ್ಷರ ಸರಿಯಾಗಿ ಮುಗಿಸಿದಾಗ ಅವರು ಅಂದದ್ದು ಇಷ್ಟೇ: “ಸ್ವರ ಎಲ್ಲಾ ಬಂದವ್ರಿ. ರಾಗ ಎಲ್ಲಿ ಹೋಯ್ತ್ರಿ?”

ಓದುವ ವಿಧಾನಕ್ಕೆ ಬರುವ ಮೊದಲು, ಓದುವುದು ಏನನ್ನು ಎಂಬುದನ್ನು ಹೇಳಬೇಕು. ಹಿಂದೂಸ್ತಾನಿ ಸಂಗೀತದಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ವಿಷ್ಣು ನಾರಾಯಣ ಭಾತಖಂಡೆಯವರ ಪದ್ಧತಿ. 1860ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಕಾನೂನು ಓದಿ, ಕೆಲಕಾಲ ವಕೀಲಿ ಮಾಡಿ, ಆಮೇಲೆ ದೇಶವನ್ನೆಲ್ಲ ಸುತ್ತಿ ಉಸ್ತಾದರಿಂದ ಚೀಜುಗಳನ್ನು ಕೇಳಿ ಬರೆದುಕೊಂಡವರು ಅವರು. ಹಾಗೆ ಸಂಗ್ರಹಿಸಿದ ಸಾವಿರಕ್ಕೂ ಮೀರಿದ ಬಂದಿಶ್‌ಗಳು ಕ್ರಮಿಕ ಪುಸ್ತಕ ಮಾಲಿಕೆಯ ಆರು ಭಾಗಗಳಲ್ಲಿ, ಮೊದಲು ಮರಾಠಿಯಲ್ಲಿ, ಅಚ್ಚಾದವು. ಅವರಿಗಿಂತ ಹನ್ನೆರಡು ವರ್ಷ ಕಿರಿಯರಾದ, 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದ ವಿಷ್ಣು ದಿಗಂಬರ ಪಲುಸ್ಕರರು ಬೇರೆಯದೇ ಒಂದು ಲಿಪಿಯನ್ನು ರೂಪಿಸಿದ್ದರು. ಅದು ಹೆಚ್ಚು ಸೂಕ್ಷ್ಮವಾಗಿತ್ತು, ಹೆಚ್ಚು ಕಷ್ಟವೂ ಆಗಿತ್ತು. ಗೆದ್ದದ್ದು ಭಾತಖಂಡೆಯವರ ಸರಳತೆ. ಮನೆತನಗಳು ಗುಟ್ಟಾಗಿ ಇಟ್ಟುಕೊಂಡಿದ್ದ ಚೀಜುಗಳನ್ನು ಅವರು ಬಯಲಿಗೆ ತಂದದ್ದರ ಬಗ್ಗೆ ಆಗಲೂ ಗೊಣಗಿದವರಿದ್ದರು, ಈಗಲೂ ಇದ್ದಾರೆ. ಗುಟ್ಟಿನ ಪರಂಪರೆ ಉಳಿದಿದ್ದರೆ ಸೇಡಂನ ಹುಡುಗಿಯೊಬ್ಬಳಿಗೆ ಯಮನ್ ಸಿಗುತ್ತಲೇ ಇರಲಿಲ್ಲ ಎಂಬುದನ್ನು ಅಂಥವರಿಗೆ ನೆನಪಿಸಬೇಕಾಗುತ್ತದೆ.

ಚಿಹ್ನೆಗಳು ಕೆಲವೇ. ಕೋಮಲ (ಇಳಿಸಿದ) ಸ್ವರದ ಕೆಳಗೆ ಅಡ್ಡಗೆರೆ, ತೀವ್ರ (ಏರಿಸಿದ) ಮಧ್ಯಮದ ತಲೆಯ ಮೇಲೆ ನಿಂತ ಗೆರೆ, ಮಂದ್ರಕ್ಕೆ ಕೆಳಗೆ ಚುಕ್ಕಿ, ಮೇಲಿನ ಸಪ್ತಕವಾದ ತಾರಕ್ಕೆ ಮೇಲೆ ಚುಕ್ಕಿ. ಒಂದು ಮಾತ್ರೆಯಲ್ಲಿ, ಅಂದರೆ ತಾಳದ ಒಂದು ಎಣಿಕೆಯಲ್ಲಿ, ಎರಡು ಅಥವಾ ಹೆಚ್ಚು ಸ್ವರಗಳಿದ್ದರೆ ಅವುಗಳ ಕೆಳಗೆ ಕಮಾನು, ಮೀಂಡ್ ಇದ್ದರೆ ಮೇಲೆ ಕಮಾನು. ಸ್ವರ ಬೆಳೆಯುವಾಗ ಅಡ್ಡಗೀಟು, ಸಾಹಿತ್ಯದ ಅಕ್ಷರ ಬೆಳೆಯುವಾಗ ಅವಗ್ರಹ (ಽ). ಕಂಸದಲ್ಲಿ ಪಂಚಮ ಬಂದರೆ ಧ ಪ ಮ ಪ ಎಂದು ಅದನ್ನು ಸುತ್ತಿಕೊಂಡು ಬರಬೇಕು. ದೇವನಾಗರಿಯಿಂದ ಇದನ್ನೆಲ್ಲ ಕನ್ನಡಕ್ಕೆ ಇಳಿಸಿದಾಗ ಒಂದು ತೊಡಕಿದೆ. ನಮ್ಮ ಅಕ್ಷರಗಳು ದುಂಡಗಿವೆ. ಅಗ್ಗದ ಕಾಗದದ ಮೇಲೆ ಮಸಿ ಹರಡಿದರೆ ‘ಧ’ದ ಕೆಳಗಿನ ಗೆರೆ ಅಕ್ಷರದ ಹೊಟ್ಟೆಯೊಳಗಿನ ಸೀಳಿನೊಂದಿಗೆ ಬೆರೆತುಹೋಗುತ್ತದೆ, ‘ನಿ’ಯ ಕೆಳಗಿನ ಚುಕ್ಕಿ ಮಾಯವಾಗುತ್ತದೆ. ನಾನು ಹೊಸ ಪುಟವೊಂದನ್ನು ಅಭ್ಯಾಸಕ್ಕೆ ತೆಗೆದುಕೊಳ್ಳುವ ಮೊದಲು ಕೋಮಲದ ಗೆರೆಗಳನ್ನು ಕೆಂಪು ಪೆನ್ನಿನಲ್ಲೂ ಮಂದ್ರದ ಚುಕ್ಕಿಗಳನ್ನು ನೀಲಿಯಲ್ಲೂ ತಿದ್ದಿಕೊಳ್ಳುತ್ತೇನೆ. ಶುದ್ಧವಾದಿಗಳು ನಗಬಹುದು, ಅವರ ಕಣ್ಣು ನನ್ನ ಕಣ್ಣಲ್ಲ.

ಕಣ್ಣಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ವಯಸ್ಸಿನಲ್ಲಿ ಸ್ವರಲಿಪಿ ಬೇಡವೆಂದು ಬಿಟ್ಟವರಲ್ಲಿ ಅರ್ಧದಷ್ಟು ಮಂದಿ ಬಿಟ್ಟದ್ದು ಕನ್ನಡಕದ ಕಾರಣಕ್ಕೆ ಎಂಬ ಗುಮಾನಿ ನನಗಿದೆ. ಓದುವ ಕನ್ನಡಕವನ್ನು ಅಳತೆ ಮಾಡುವುದು ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ. ಪೇಟಿಯ ಹಿಂದೆ ನೆಲದ ಮೇಲೆ ಕುಳಿತಾಗ, ಪೇಟಿಯಾಚೆ ಪುಟ್ಟ ಸ್ಟ್ಯಾಂಡಿನ ಮೇಲಿಟ್ಟ ಪುಸ್ತಕ ಅದಕ್ಕಿಂತ ಬಹಳ ದೂರದಲ್ಲಿರುತ್ತದೆ. ಬೈಫೋಕಲ್ ಹಾಕಿಕೊಂಡವರು ಕೆಳಗಿನ ತುಂಡಿನಿಂದ ನೋಡಲು ಗದ್ದ ಎತ್ತುತ್ತಾರೆ. ಗದ್ದ ಎತ್ತಿದರೆ ಕುತ್ತಿಗೆಯ ಮುಂಭಾಗ ಬಿಗಿಯುತ್ತದೆ, ಕುತ್ತಿಗೆ ಬಿಗಿದ ಮೇಲೆ ತಾರ ಷಡ್ಜ ಸಲೀಸಾಗಿ ಬರುವುದಿಲ್ಲ. ನಾನು ಸೂಪರ್ ಮಾರ್ಕೆಟ್ ಬಳಿಯ ಕನ್ನಡಕದ ಅಂಗಡಿಗೆ ಹೋಗುವಾಗ ಅಳತೆಯ ಟೇಪಿನಿಂದ ಕಣ್ಣಿಗೂ ಪುಸ್ತಕಕ್ಕೂ ನಡುವಿನ ದೂರವನ್ನು ಅಳೆದುಕೊಂಡು ಹೋಗಿ, ಅದೊಂದೇ ದೂರಕ್ಕೆ ಪ್ರತ್ಯೇಕ ಕನ್ನಡಕ ಮಾಡಿಸಿಕೊಂಡೆ. ಅಂಗಡಿಯವರಿಗೆ ಕಾರಣ ವಿವರಿಸಲು ಕನ್ನಡಕ ಆರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಜೊತೆಗೆ ಎ4 ಪುಟವನ್ನು ಎ3ಗೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದರೆ ಅಕ್ಷರ 141 ಪ್ರತಿಶತದಷ್ಟಾಗುತ್ತದೆ. ಇಷ್ಟಾದ ಮೇಲೆ ಕಣ್ಣಿನ ನೆಪ ಹೇಳಲು ಏನೂ ಉಳಿಯುವುದಿಲ್ಲ.

ಇನ್ನು ಓದುವ ವಿಧಾನ. ಮೊದಲ ಬಾರಿಗೆ ಪುಟ ತೆರೆದವರು ಎಲ್ಲರೂ ಎಡತುದಿಯ ಸ್ವರವನ್ನು ತಾಳದ ಆರಂಭವೆಂದು ತಿಳಿಯುತ್ತಾರೆ. ಮಧ್ಯಲಯದ, ಹದಿನಾರು ಮಾತ್ರೆಗಳ ತೀನ್‌ತಾಲ್ ಬಂದಿಶ್‌ಗಳಲ್ಲಿ ಬಹಳಷ್ಟು ಒಂಬತ್ತನೆಯ ಮಾತ್ರೆಯಿಂದ, ಅಂದರೆ ಚಪ್ಪಾಳೆಯಿಲ್ಲದ ಖಾಲಿಯಿಂದ ಎತ್ತಿಕೊಳ್ಳುತ್ತವೆ. ಪುಟದ ಮೊದಲ ಅಂಕಣದ ಕೆಳಗೆ ಸೊನ್ನೆ ಇರುತ್ತದೆ. ತಾಳದ ಮೊದಲ ಮಾತ್ರೆಯಾದ, ಗುಣಾಕಾರದ ಚಿಹ್ನೆಯಿರುವ ಸಮ್ ಸಾಲಿನ ನಡುವೆ, ಎಂಟು ಮಾತ್ರೆಗಳ ನಂತರ ಬರುತ್ತದೆ. ಆದ್ದರಿಂದ ಸ್ವರ ನೋಡುವ ಮೊದಲೇ ಕೆಳಗಿನ ತಾಳದ ಗುರುತುಗಳನ್ನು ನೋಡಿ, ಕೈಯಲ್ಲಿ ತಾಳ ಹಾಕುತ್ತ, ಸ್ವರಗಳ ಹೆಸರನ್ನು ರಾಗವಿಲ್ಲದೆ ಬರಿಯ ಮಾತಿನಂತೆ ಒಮ್ಮೆ ಹೇಳಿಕೊಳ್ಳಬೇಕು. ಕಮಾನಿನ ಮೇಲೆ ನಾಲ್ಕು ಸ್ವರಗಳಿದ್ದ ಮಾತ್ರೆ ಎಷ್ಟು ಬೇಗ ಓಡುತ್ತದೆ, ಗೀಟುಗಳಿದ್ದ ಮಾತ್ರೆ ಎಷ್ಟು ಉದ್ದವಿದೆ ಎಂಬುದು ಆಗಲೇ ನಾಲಿಗೆಗೆ ತಿಳಿಯುತ್ತದೆ. ಆಮೇಲೆ ಪೇಟಿಯ ಮೇಲೆ, ಕೊನೆಗೆ ಕಂಠದಲ್ಲಿ.

ಓದಲು ತೊಡಗಿದ ಮೇಲೆ ನಿಲ್ಲಬಾರದು. ಇದೊಂದು ನಿಯಮವನ್ನು ನನ್ನ ಗುರುಗಳು ಸಡಿಲಿಸಿದ್ದೇ ಇಲ್ಲ. ಸ್ವರ ತಪ್ಪಿದರೆ ಹಿಂದಕ್ಕೆ ಹೋಗಿ ಸರಿಪಡಿಸುವ ಚಪಲ ಎಲ್ಲ ವಯಸ್ಕರಿಗೂ ಇರುತ್ತದೆ. ಜೀವನವಿಡೀ ಕರಿಹಲಗೆಯ ಮೇಲಿನ ತಪ್ಪನ್ನು ಒರೆಸಿದವರಿಗೆ ಇನ್ನೂ ಹೆಚ್ಚು. “ತಪ್ಪಿದ್ರ ತಪ್ಪಲ್ರಿ, ಸಮ್ ನಿಮ್ಮ ಸಲುವಾಗಿ ನಿಂದ್ರಲ್ಲ” ಎನ್ನುತ್ತ ಅವರು ತೊಡೆಯ ಮೇಲೆ ಠೇಕಾ ಮುಂದುವರಿಸುತ್ತಾರೆ. ತಪ್ಪಿದಲ್ಲಿ ಬಿಟ್ಟು, ಮುಂದಿನ ಸಮ್‌ಗೆ ಬಂದು ಕೂಡಿಕೊಳ್ಳಬೇಕು. ಮೊಬೈಲಿನ ತಬಲಾ ಆ್ಯಪ್ ಕೂಡ ಇದೇ ಕೆಲಸ ಮಾಡುತ್ತದೆ, ಅದಕ್ಕೂ ದಯೆಯಿಲ್ಲ. ನಿಮಿಷಕ್ಕೆ 60 ಮಾತ್ರೆಯ ಲಯ ಇಟ್ಟುಕೊಂಡರೆ ಸಾಧಾರಣ ಚೀಜೊಂದನ್ನು ನಿಲ್ಲದೆ ದಾಟಲು ಸಾಧ್ಯವಾಗುತ್ತದೆ. ಮಾನಕ್ಕೆ ಅಂಜಿ ಅದಕ್ಕಿಂತ ವೇಗ ಇಟ್ಟುಕೊಳ್ಳಬೇಕಾದ ಅಗತ್ಯವಿಲ್ಲ.

ನಿಲ್ಲದೆ ಓದಲು ಕಣ್ಣು ಕೈಗಿಂತ ಮುಂದಿರಬೇಕು. ಪತ್ರಿಕೆಯನ್ನು ಗಟ್ಟಿಯಾಗಿ ಓದುವವರ ಬಾಯಿ ಒಂದು ಶಬ್ದದ ಮೇಲಿದ್ದಾಗ ಕಣ್ಣು ಮುಂದಿನ ಶಬ್ದದ ಮೇಲಿರುತ್ತದಲ್ಲ, ಹಾಗೆ. ಪಾಶ್ಚಾತ್ಯ ಸಂಗೀತದಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಇಂಗ್ಲೆಂಡಿನ ಮನೋವಿಜ್ಞಾನಿ ಜಾನ್ ಸ್ಲೊಬೋಡಾ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನುಡಿಸುತ್ತಿರುವಾಗಲೇ ಪುಟವನ್ನು ಮರೆಮಾಡಿ, ಅನಂತರವೂ ಎಷ್ಟು ಸ್ವರ ಸರಿಯಾಗಿ ಬರುತ್ತವೆ ಎಂದು ನೋಡಿದರು. ಚೆನ್ನಾಗಿ ಓದಬಲ್ಲವರು ಏಳು ಸ್ವರಗಳವರೆಗೂ ಮುಂದೆ ನುಡಿಸಿದರು, ಅಷ್ಟು ಪಳಗದವರು ಮೂರು ನಾಲ್ಕಕ್ಕೆ ನಿಂತರು. ಮುಂದಿನ ಏಳು ಸ್ವರಗಳನ್ನು ಬಿಡಿ ಬಿಡಿಯಾಗಿ ಯಾರೂ ಹಿಡಿದಿಟ್ಟುಕೊಳ್ಳಲಾರರು. ಅವು ಒಂದು ಗುಂಪಾಗಿ ಕಂಡರೆ ಮಾತ್ರ ಸಾಧ್ಯ. ಯಮನ್ ಬಲ್ಲವರಿಗೆ ‘ನಿ ರೇ ಗ’ ಮೂರು ಅಕ್ಷರವಲ್ಲ, ಒಂದೇ ಒಂದು ಚಲನೆ. ಕಣ್ಣು ಮೊದಲ ನಿಷಾದಕ್ಕೆ ಬಿದ್ದಾಗಲೇ ಗಂಟಲು ಗಾಂಧಾರಕ್ಕೆ ಸಿದ್ಧವಾಗಿರುತ್ತದೆ. ಕಿವಿಯ ಹಳೆಯ ಸಂಗ್ರಹ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಕಣ್ಣು ಪುಟದ ಮೇಲಿರಬೇಕಾದರೆ ಬೆರಳು ಪೇಟಿಯ ಮನೆಗಳನ್ನು (ಕೀಲಿಗಳನ್ನು) ತಾನೇ ಹುಡುಕಿಕೊಳ್ಳಬೇಕು. ಇದಕ್ಕೆ ಗುರುಗಳು ಕೊಟ್ಟ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು, ಗಣಿತದವಳಾದ್ದರಿಂದ ಇನ್ನಷ್ಟು. ಹುಡುಗಿಯಾಗಿದ್ದಾಗ ನನ್ನ ಷಡ್ಜ ಕರಿ ಐದರಲ್ಲಿ, ಅಂದರೆ ಸಪ್ತಕದ ಐದನೆಯ ಕಪ್ಪು ಮನೆಯಲ್ಲಿತ್ತು, ವಯಸ್ಸಿಗೆ ತಕ್ಕಂತೆ ಕಂಠ ಇಳಿದು ಈಗ ಕರಿ ಮೂರಕ್ಕೆ ಬಂದಿದೆ. ಕರಿ ಮೂರನ್ನು ಷಡ್ಜ ಮಾಡಿಕೊಂಡರೆ ಕರಿ ನಾಲ್ಕು ರಿಷಭ, ಕರಿ ಐದು ಗಾಂಧಾರ, ಮುಂದಿನ ಸಪ್ತಕದ ಕರಿ ಒಂದು ಪಂಚಮ, ಕರಿ ಎರಡು ಧೈವತ. ಅಂದರೆ ಭೂಪ್ ರಾಗದ ಐದು ಸ್ವರಗಳೂ ಐದು ಕರಿ ಮನೆಗಳ ಮೇಲೆಯೇ ಬೀಳುತ್ತವೆ, ಬಿಳಿ ಮನೆಯನ್ನು ಮುಟ್ಟುವ ಪ್ರಮೇಯವೇ ಇಲ್ಲ. ಕರಿ ಮನೆಗಳು ಉಬ್ಬಿಕೊಂಡಿರುವುದರಿಂದ, ಎರಡರ ಗುಂಪು ಮತ್ತು ಮೂರರ ಗುಂಪಾಗಿ ಇರುವುದರಿಂದ, ಬೆರಳು ನೋಡದೆಯೇ ತಾನೆಲ್ಲಿದ್ದೇನೆಂದು ತಿಳಿದುಕೊಳ್ಳುತ್ತದೆ. ಕಣ್ಣಿಲ್ಲದೆ ಪೇಟಿ ಕಲಿತವರಿಗೆ ಇದು ತಾನಾಗಿಯೇ ತಿಳಿದಿರುವ ಸಂಗತಿ. ಕಣ್ಣಿದ್ದ ನಮಗೆ ಹೇಳಿಕೊಡಬೇಕಾಯಿತು.

ಉಪಾಯ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಐದು ಕರಿ ಮನೆಗಳನ್ನಿಟ್ಟುಕೊಂಡು ಷಡ್ಜವನ್ನು ಕರಿ ಒಂದಕ್ಕೆ ಸರಿಸಿದರೆ ಸಾ ರೇ ಮ ಪ ಧ ಆಗಿ ದುರ್ಗಾ ಬರುತ್ತದೆ. ಕರಿ ಐದಕ್ಕೆ ಸರಿಸಿದರೆ ಕೋಮಲ ಗಾಂಧಾರ, ಶುದ್ಧ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದಗಳೊಂದಿಗೆ ಮಾಲಕೌಂಸ್ ಬರುತ್ತದೆ. ಕರಿ ಎರಡರಿಂದ ಧಾನಿಯ ಸ್ವರಗಳು, ಕರಿ ನಾಲ್ಕರಿಂದ ಮೇಘದ ಸ್ವರಗಳು. ಸ್ವರಗಳ ನಡುವಿನ ಅಂತರ ಬದಲಾಗದೆ ಆಧಾರ ಮಾತ್ರ ಬದಲಾಗುವ ಈ ಮೂರ್ಛನೆಯ ತತ್ತ್ವವನ್ನು ಪರೀಕ್ಷೆಗಾಗಿ ಓದಿದ್ದಾಗ ಅದೊಂದು ವ್ಯಾಖ್ಯೆ ಮಾತ್ರವಾಗಿತ್ತು. ಈಗ ಐದು ರಾಗಗಳ ಸರಳ ಚೀಜುಗಳನ್ನು ಕಣ್ಣೆತ್ತದೆ ಓದುವ ಅಭ್ಯಾಸಕ್ಕೆ ಅದೇ ಆಧಾರವಾಯಿತು. ಹಾಡುವಾಗ ಮಾತ್ರ ನಾನು ಕರಿ ಮೂರನ್ನು ಬಿಡುವುದಿಲ್ಲ. ಉಳಿದವು ಬೆರಳಿನ ಅಭ್ಯಾಸಕ್ಕಷ್ಟೇ.

ಅಭ್ಯಾಸದ ಸಾಮಗ್ರಿಯ ಬಗ್ಗೆ ಒಂದು ಮಾತು. ಎರಡು ಬಾರಿ ಓದಿದ ಪುಟ ಹೊಸ ಪುಟವಾಗಿ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ಅರ್ಧ ಓದು, ಅರ್ಧ ನೆನಪು. ಆದ್ದರಿಂದ ಹಾಡಬಲ್ಲ ಮಟ್ಟಕ್ಕಿಂತ ಬಹಳ ಸುಲಭವಾದ, ಆದರೆ ದಿನವೂ ಹೊಸದಾದ ಪುಟಗಳು ಬೇಕು. ಭಾತಖಂಡೆಯವರ ಮೊದಲ ಭಾಗದಲ್ಲಿ ಬಿಲಾವಲ್, ಯಮನ್, ಖಮಾಜ್, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ ಎಂಬ ಹತ್ತು ಆಶ್ರಯ (ಮೂಲ) ರಾಗಗಳಿವೆ. ಅವುಗಳ ಸರಗಮ್ ಗೀತಗಳಲ್ಲಿ ಸಾಹಿತ್ಯವಿಲ್ಲ, ತಾಳದಲ್ಲಿ ಕೂರಿಸಿದ ಸ್ವರಗಳಷ್ಟೇ ಇರುವುದರಿಂದ ಬ್ರಜಭಾಷೆಯ ಶಬ್ದಗಳೊಂದಿಗೆ ಹೆಣಗಾಡುವ ಕಷ್ಟ ಇರುವುದಿಲ್ಲ. ಬೇಸಿಗೆಯಲ್ಲಿ, ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವ ದಿನಗಳಲ್ಲಿ, ಬೆಳಗಿನ ಆರರಿಂದ ಏಳರೊಳಗೆ ಮಾತ್ರ ಇದು ನಡೆಯುತ್ತದೆ. ಆಮೇಲೆ ಫ್ಯಾನ್ ಹಾಕಿದರೆ ಪುಟ ಹಾರುತ್ತದೆ, ಹಾಕದಿದ್ದರೆ ನಾವು ಬೇಯುತ್ತೇವೆ.

ಈಗ ಆಕ್ಷೇಪಣೆಗಳಿಗೆ ಬರುತ್ತೇನೆ, ಏಕೆಂದರೆ ಅವು ಹುರುಳಿಲ್ಲದವಲ್ಲ. ಭೂಪ್ ಮತ್ತು ದೇಶಕಾರ್ ಎರಡರಲ್ಲಿಯೂ ಸಾ ರೇ ಗ ಪ ಧ ಎಂಬ ಅವೇ ಐದು ಸ್ವರಗಳು. ಭೂಪ್ ಸಂಜೆಯ ರಾಗ, ಗಾಂಧಾರ ಅದರ ವಾದಿ (ಮುಖ್ಯ ಸ್ವರ), ನಡೆ ಸಪ್ತಕದ ಕೆಳ ಅರ್ಧವಾದ ಪೂರ್ವಾಂಗದಲ್ಲಿ. ದೇಶಕಾರ್ ಬೆಳಗಿನದು, ಧೈವತ ವಾದಿ, ಮೇಲಿನ ಅರ್ಧವಾದ ಉತ್ತರಾಂಗದಲ್ಲಿ ಅದರ ಓಡಾಟ. ಎರಡನ್ನೂ ಕೇಳಿ ಬಲ್ಲವರಿಗೆ ಪುಟದ ಮೇಲಿನ ಸ್ವರಗುಚ್ಛದಿಂದಲೇ ಯಾವುದು ಯಾವುದೆಂದು ತಿಳಿಯುತ್ತದೆ, ಕೇಳದವರಿಗೆ ಎರಡೂ ಒಂದೇ. ದರಬಾರಿ ಕಾನಡಾದ ಕೋಮಲ ಗಾಂಧಾರದ ಆಂದೋಲನವನ್ನು, ಆ ನಿಧಾನದ ತೂಗಾಟವನ್ನು, ಅಡ್ಡಗೆರೆಯೊಂದು ಹೇಳಲಾರದು. ಆ ಗಾಂಧಾರ ಪೇಟಿಯ ಮನೆಯ ಮೇಲೆಯೂ ಇಲ್ಲ. ಗಮನಿಸಬೇಕಾದದ್ದೆಂದರೆ, ಸ್ವರಲಿಪಿಯ ಮೇಲಿನ ಆರೋಪವೂ ಪೇಟಿಯ ಮೇಲಿನ ಆರೋಪವೂ ಒಂದೇ: ಎರಡೂ ಸ್ವರದಿಂದ ಸ್ವರಕ್ಕೆ ಜಿಗಿಯುತ್ತವೆ, ನಡುವಿನ ದಾರಿಯನ್ನು ಬಿಡುತ್ತವೆ. ಈ ಕಾರಣಕ್ಕೇ 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು, 1971ರವರೆಗೆ ಆ ನಿಷೇಧ ಸಡಿಲವಾಗಲಿಲ್ಲ. ಆ ಮೂರು ದಶಕಗಳಲ್ಲಿ ನಮ್ಮ ಗುಡಿ, ಮಠ, ದರ್ಗಾ, ನಾಟಕದ ರಂಗ ಯಾವುದೂ ಪೇಟಿಯನ್ನು ಬಿಡಲಿಲ್ಲ. ಪೇಟಿಯ ಜೊತೆ ಹಾಡಿದವರು ಮೀಂಡನ್ನು ಕಂಠದಲ್ಲಿ ಉಳಿಸಿಕೊಂಡೇ ಬಂದರು. ಕಾಗದದ ಜೊತೆಗೂ ಅದು ಸಾಧ್ಯ ಎಂಬುದಷ್ಟೇ ನನ್ನ ವಾದ. ಗುರುವಿಲ್ಲದೆ ಬರಿಯ ಪುಸ್ತಕದಿಂದ ದರಬಾರಿ ಕಲಿಯುತ್ತೇನೆ ಎನ್ನುವವರ ಪರವಾಗಿ ನಾನು ಮಾತಾಡುತ್ತಿಲ್ಲ.

ನಮ್ಮ ಪಕ್ಕದ ಮನೆಯ ಹುಡುಗಿ ಆನ್‌ಲೈನಿನಲ್ಲಿ ಕೀಬೋರ್ಡ್ ಕಲಿಯುತ್ತಾಳೆ, ಲಂಡನ್ನಿನ ಪರೀಕ್ಷಾ ಮಂಡಳಿಯೊಂದರ ಗ್ರೇಡ್ ಪರೀಕ್ಷೆಗೆ ಕೂಡುವವಳಿದ್ದಾಳೆ. ಅಲ್ಲಿ ಹಿಂದೆ ನೋಡಿಲ್ಲದ ತುಣುಕನ್ನು ಮುಂದಿಟ್ಟು, ಅರ್ಧ ನಿಮಿಷ ನೋಡಲು ಕೊಟ್ಟು ನುಡಿಸಿಸುತ್ತಾರೆ, ಅದಕ್ಕೆ ಪ್ರತ್ಯೇಕ ಅಂಕಗಳೂ ಇವೆ. ಅವಳ ನೆಪದಲ್ಲಿ ನಾನೂ ಐದು ಗೆರೆಗಳ ಲಿಪಿಯನ್ನು ಅಷ್ಟಿಷ್ಟು ಕಲಿತೆ. ಹನ್ನೊಂದನೆಯ ಶತಮಾನದ ಇಟಲಿಯಲ್ಲಿ ಗೀದೋ ಎಂಬ ಸನ್ಯಾಸಿ, ಕೇಳದ ಹಾಡನ್ನೂ ಹುಡುಗರು ನೋಡಿ ಹಾಡುವಂತಾಗಲಿ ಎಂದು ರೂಪಿಸಿದ ಪದ್ಧತಿಯಿಂದ ಬೆಳೆದದ್ದು ಅದು. ಅದರ ದೊಡ್ಡ ಗುಣವೆಂದರೆ ಏರುವ ಸ್ವರ ಪುಟದ ಮೇಲೂ ಏರುತ್ತದೆ, ಇಳಿಯುವುದು ಇಳಿಯುತ್ತದೆ. ಚಲನೆಯ ಆಕಾರವೇ ಕಣ್ಣಿಗೆ ಬೀಳುತ್ತದೆ. ನಮ್ಮ ಲಿಪಿಯಲ್ಲಿ ಎಲ್ಲ ಅಕ್ಷರಗಳೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಆದರೆ ನನ್ನ ವಯಸ್ಸಿನವರಿಗೆ ನಮ್ಮದೇ ಹಿತ. ಕರಿ ಮೂರನ್ನು ಆಧಾರ ಮಾಡಿಕೊಂಡು ಅವರ ಲಿಪಿಯಲ್ಲಿ ಬಿಲಾವಲ್ ಬರೆಯಬೇಕಾದರೆ ಸಾಲಿನ ಆರಂಭದಲ್ಲಿ ಆರು ಶಾರ್ಪ್ ಚಿಹ್ನೆಗಳನ್ನು ಹೊರಿಸಬೇಕು. ನನ್ನ ಷಡ್ಜ ಕರಿ ಐದರಿಂದ ಕರಿ ಮೂರಕ್ಕೆ ಇಳಿದಾಗ ಭಾತಖಂಡೆಯವರ ಪುಸ್ತಕದಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಲಿಲ್ಲ.

ಓದಲು ಬಂದ ಮೇಲೆ ಬರೆಯುವ ಆಸೆ ಹುಟ್ಟಿತು. ನಮ್ಮ ಮಂಡಳಿಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವ ಹಿರಿಯರೊಬ್ಬರಿದ್ದಾರೆ. ಪದಗಳ ಸಾಹಿತ್ಯ ಅಚ್ಚಾಗಿದೆ, ಬೇಕಾದವರು ತರಿಸಿಕೊಳ್ಳಬಹುದು; ಧಾಟಿ ಮಾತ್ರ ಅವರು ತಮ್ಮ ತಾಯಿಯಿಂದ ಕೇಳಿ ಕಲಿತದ್ದು, ಮಂಡಳಿಯ ಕಿರಿಯರಿಗೆ ಅದು ಪೂರ್ತಿ ಬಾಯಿಗೆ ಹತ್ತಿಲ್ಲ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಎಂಟು ಮಾತ್ರೆಯ ಕೆಹರವಾದ ಅಂಕಣಗಳನ್ನು ಎಳೆದು ಬರೆಯತೊಡಗಿದೆ. ಪಲ್ಲವಿ ಸರಾಗವಾಗಿ ಕೂತಿತು. ನುಡಿಯ ಮೂರನೆಯ ಸಾಲಿಗೆ ಬಂದಾಗ ಅವರು ಕೈಯಲ್ಲಿನ ದಮ್ಮಡಿ ವಾದ್ಯವನ್ನು ತಡೆದು, ಒಂದು ಶಬ್ದವನ್ನು ಮನಸ್ಸಿಗೆ ಬಂದಷ್ಟು ಎಳೆದು, ಆಮೇಲೆ ಪಲ್ಲವಿಗೆ ಬೀಳುತ್ತಾರೆ. ಒಂದು ಸಲ ಎಳೆದಷ್ಟನ್ನೇ ಇನ್ನೊಂದು ಸಲ ಎಳೆಯುವುದಿಲ್ಲ. ಹಿಂದೆ ಆ ಪದವನ್ನು ಕೇಳಿರದ, ಆದರೆ ಸ್ವರಲಿಪಿ ಬಲ್ಲ ಗೆಳತಿಯೊಬ್ಬರಿಗೆ ನನ್ನ ಬರಹವನ್ನು ಕೊಟ್ಟು ನೋಡಿ ಹಾಡಿಸಿದೆ. ಪಲ್ಲವಿಯನ್ನು ಕೇಳಿ ಹಿರಿಯರು ತಲೆದೂಗಿದರು, ಮೂರನೆಯ ಸಾಲಿಗೆ “ಇಷ್ಟು ಗಡಿಬಿಡಿ ಯಾಕವ್ವಾ” ಎಂದರು. ಅಂಕಣಗಳು ಆ ಸಾಲನ್ನು ಅವಸರಪಡಿಸಿದ್ದವು. ಈಗ ಅಲ್ಲಿ ಮಾತ್ರ ಅಂಕಣಗಳನ್ನು ಅಳಿಸಿ, ತಾಳ ನಿಂತಿದೆ ಎಂದು ಪಕ್ಕದಲ್ಲಿ ಬರೆದು, ಅವರು ಬೇರೆ ಬೇರೆ ದಿನ ಹಾಡಿದ ಎರಡು ಪಾಠಗಳನ್ನು ಕಣಸ್ವರಗಳ ಸಮೇತ ಒಂದರ ಕೆಳಗೊಂದು ಇಟ್ಟಿದ್ದೇನೆ. ಮುಂದಿನ ಅಮಾವಾಸ್ಯೆಯ ಭಜನೆಯಲ್ಲಿ ಅದೇ ಗೆಳತಿ ಅದನ್ನು ಮತ್ತೊಮ್ಮೆ ಓದಿ ಹಾಡುವವರಿದ್ದಾರೆ.